ಅಂಗಳದಲ್ಲಿ ಭೂಮಿಯನ್ನು ಹರಡಿ ನೋಡುವುದು ಹೇಗೆ?

ನನ್ನ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮನೆಯ ಅಕ್ಕಿಯ ಲೆಕ್ಕ ಅವರಷ್ಟು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಮಳೆಗಾಲದ ಏಣೆಲು ಬೆಳೆ ಕೊಯ್ದು, ಬತ್ತ ಬೇಯಿಸಿ, ಕುಟ್ಟಿ, ಬೈಹುಲ್ಲಿನಲ್ಲಿ ಮುಡಿ (ಅಕ್ಕಿಯ ದುಂಡನೆ ಮೂಟೆ) ಕಟ್ಟಿ ಅಟ್ಟದ ಮೇಲೆ ಸಾಲಾಗಿ ಇಡುತ್ತಿದ್ದರು. ಆಮೇಲೆ ಲೆಕ್ಕಕ್ಕೆ ಪುಸ್ತಕ ಬೇಡ. ಕತ್ತು ಎತ್ತಿ ನೋಡಿದರೆ ಸಾಕು, ಎಷ್ಟು ಮುಡಿ ಉಳಿದಿದೆ ಅಂತ ಕಾಣುತ್ತಿತ್ತು. ತುಳುವರ ಆಟಿ ತಿಂಗಳಿಗೆ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇನ್ನೂ ಎರಡು ತಿಂಗಳು ಇರುವಾಗಲೇ ಅವರು ಅನ್ನಕ್ಕೆ ಹಾಕುವ ಅಕ್ಕಿಯನ್ನು ಒಂದು ಹಿಡಿ ಕಡಿಮೆ ಮಾಡುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ.

ಭೂಮಿಯ ಅಟ್ಟ ನಮಗೆ ಹಾಗೆ ಕಾಣುವುದಿಲ್ಲ. ಒಂದು ವರ್ಷದಲ್ಲಿ ಭೂಮಿ ಎಷ್ಟು ಬೆಳೆಸುತ್ತದೆ, ನಾವು ಎಷ್ಟು ತೆಗೆಯುತ್ತೇವೆ ಅನ್ನುವುದು ಪತ್ರಿಕೆಯಲ್ಲಿ ಅಂಕಿಯಾಗಿ ಬರುತ್ತದೆ, ಓದುತ್ತೇವೆ, ಪುಟ ತಿರುಗಿಸುತ್ತೇವೆ. ಅದೇ ಅಂಕಿಯನ್ನು ಅಂಗಳದಲ್ಲಿ ಉಮಿ ರಾಶಿ ಹಾಕಿ, ಹಗ್ಗ ಎಳೆದು ತೋರಿಸಿದರೆ ಮಕ್ಕಳು ಮರೆಯುವುದಿಲ್ಲ. ದೊಡ್ಡವರೂ ಮರೆಯುವುದಿಲ್ಲ. ಉಡುಪಿಯ ನಮ್ಮ ಮನೆಯಲ್ಲಿ ಅಣ್ಣನ ಮಕ್ಕಳ ಜೊತೆ ನಾನು ಇದನ್ನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಅರ್ಧ ದಿನ ಸಾಕು. ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಬೇಕಾಗುವ ಸಾಮಾನು, ಸರಿಯಾದ ಸಮಯ

ಮಳೆಗಾಲದಲ್ಲಿ ಬೇಡ. ದೀಪಾವಳಿ ಕಳೆದು, ಅಂಗಳ ಸಾರಿಸಿ, ಅಡಿಕೆ ಹರಡುವ ಮೊದಲು ಸಿಗುವ ದಿನಗಳು ಒಳ್ಳೆಯವು. ಅಂಗಳ ಇಲ್ಲದವರು ತಾರಸಿಯಲ್ಲಿ ಮಾಡಬಹುದು. ಮಲ್ಪೆ ಅಥವಾ ಪಣಂಬೂರಿನ ಕಡಲ ತೀರದಲ್ಲಿ, ನೀರು ಇಳಿದ ಹೊತ್ತಿನಲ್ಲಿ, ಒದ್ದೆ ಮರಳಿನ ಮೇಲೆ ಕೋಲಿನಿಂದ ಗೆರೆ ಎಳೆದರೂ ಚೆನ್ನಾಗಿ ಬರುತ್ತದೆ.

ಒಂದು ಗೋಣಿ ಉಮಿ, ಅಕ್ಕಿ ಹಿಟ್ಟು, ಒಂದು ತೆಂಗಿನ ಗೆರಟೆ, ಅಳತೆಯ ಟೇಪು, ಒಂದು ಉದ್ದ ಹಗ್ಗ, 100 ಮಂಜೊಟ್ಟಿ ಅಥವಾ ಹುಣಸೆ ಬೀಜ, ಒಂದು ಫೋನು. ಇಷ್ಟೇ. ಬಣ್ಣದ ರಂಗೋಲಿ ಪುಡಿ ಇದ್ದರೆ ಸ್ವಲ್ಪ ತನ್ನಿ, ಇಲ್ಲದಿದ್ದರೆ ಅರಸಿನ, ಇದ್ದಿಲ ಪುಡಿ, ಒಣಗಿದ ಎಲೆ ಸಾಕು.

ಮೊದಲು 100 ಮನೆ ಹಾಕಿ

ಮೊದಲ ವರ್ಷ ನಾನು ಭೂಪಟ ಬಿಡಿಸಲು ಹೋದೆ. ಖಂಡಗಳ ಆಕಾರ ಸರಿ ಮಾಡುವುದರಲ್ಲೇ ಬೆಳಗ್ಗೆ ಕಳೆಯಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಶಾಲೆಯ ಗೋಡೆಯ ಮೇಲೆ ನಾವು ನೋಡುವ ಹೆಚ್ಚಿನ ಭೂಪಟಗಳು ಧ್ರುವದ ಕಡೆಯ ಜಾಗವನ್ನು ಹಿಗ್ಗಿಸಿ ತೋರಿಸುತ್ತವೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು. ಜಾಗದ ಲೆಕ್ಕ ಹೇಳಲು ಹೊರಟವರು ಜಾಗವನ್ನೇ ತಪ್ಪಾಗಿ ತೋರಿಸಬಾರದು ಅಲ್ವಾ? ಅದಕ್ಕೆ ಈಗ ಭೂಪಟ ಬಿಟ್ಟಿದ್ದೇನೆ. ಬರೀ ಚೌಕ.

ಅಕ್ಕಿ ಹಿಟ್ಟಿನಲ್ಲಿ ಅಡ್ಡ 10, ಉದ್ದ 10, ಒಟ್ಟು 100 ಮನೆ ಹಾಕಿ. ಒಂದೊಂದು ಮನೆಯೂ ಒಂದು ಗೇಣು ಅಗಲ ಇರಲಿ. ಭೂಮಿಯ ಮೇಲ್ಮೈ ಒಟ್ಟು 51 ಕೋಟಿ ಚದರ ಕಿಲೋಮೀಟರ್. ಅಂದರೆ ಒಂದು ಮನೆಗೆ 51 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ಭಾರತ ಸುಮಾರು 33 ಲಕ್ಷ. ಒಂದು ಮನೆಯೂ ಪೂರ್ತಿ ತುಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ. ಮಕ್ಕಳು ಭಾರತದ ಜಾಗಕ್ಕೆ ಒಂದು ಕಲ್ಲು ಇಡಲಿ.

ಈಗ 71 ಮನೆಗಳನ್ನು ಖಾಲಿ ಬಿಡಿ. ಅದು ಕಡಲು. ಉಳಿದ 29 ನೆಲ. ಈ 29ರಲ್ಲಿ 3 ಮನೆ ಹಿಮ, ಅಲ್ಲಿಗೆ ಅಕ್ಕಿ ಹಿಟ್ಟು ಉದುರಿಸಿ. ಐದೂವರೆ ಮನೆ ಮರಳುಗಾಡು, ಬೋಳು ಬಂಡೆ. ಅಲ್ಲಿಗೆ ಮರಳು ಹಾಕಿ. ಸುಮಾರು 8 ಮನೆ ಕಾಡು, ಅದಕ್ಕೆ ಹಸಿ ಎಲೆ. 3 ಮನೆಗೆ ಸ್ವಲ್ಪ ಕಡಿಮೆ ಕುರುಚಲು. ಒಂಬತ್ತೂವರೆ ಮನೆ ಬೇಸಾಯ ಮತ್ತು ಮೇವಿನ ನೆಲ, ಅದಕ್ಕೆ ಬೈಹುಲ್ಲು.

ಊರು, ಪೇಟೆ, ರಸ್ತೆ ಎಲ್ಲ ಸೇರಿ ಒಂದು ಮನೆಯ ಮೂರನೇ ಒಂದು ಪಾಲೂ ಇಲ್ಲ. ಇಲ್ಲಿ ಒಂದು ನಿಮಿಷ ನಿಲ್ಲಿ. ಮಂಗಳೂರು, ಬೆಂಗಳೂರು, ಮುಂಬೈ, ಲೋಕದ ಎಲ್ಲ ನಗರಗಳೂ ಒಂದು ಅಂಗೈ ಅಗಲದಲ್ಲಿ ಮುಗಿಯುತ್ತವೆ. ನೋಡಿದವರೆಲ್ಲ "ಇಷ್ಟೇನಾ?" ಅನ್ನುತ್ತಾರೆ. ನಾವು ಜಾಗ ತಿನ್ನುವುದು ಮನೆ ಕಟ್ಟಿ ಅಲ್ಲ. ಬೈಹುಲ್ಲಿನ ಒಂಬತ್ತೂವರೆ ಮನೆ ನೋಡಿ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜಾನುವಾರು ಮೇಯಲು ಮತ್ತು ಅವುಗಳ ಮೇವು ಬೆಳೆಯಲು ಹೋಗುತ್ತದೆ.

ಗೆರಟೆಯಲ್ಲಿ ಅಳೆದು ರಾಶಿ ಹಾಕಿ

ಜಾಗ ಎಷ್ಟು ಅನ್ನುವುದು ಒಂದು ವಿಷಯ. ಆ ಜಾಗ ಎಷ್ಟು ಬೆಳೆಸುತ್ತದೆ ಅನ್ನುವುದು ಬೇರೆ ವಿಷಯ. ಗದ್ದೆ ಕೊಳ್ಳುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗಿನ ಬಯಲು ಗದ್ದೆಗೂ ಮೇಲಿನ ಬೆಟ್ಟು ಗದ್ದೆಗೂ ಬೆಲೆ ಒಂದೇ ಇರುತ್ತದಾ?

ಗಿಡ, ಮರ, ಪಾಚಿ ಎಲ್ಲ ಬಿಸಿಲು ಹಿಡಿದು ತಮ್ಮ ಮೈ ಬೆಳೆಸುತ್ತವೆ. ಉಸಿರಾಟಕ್ಕೆ ಖರ್ಚಾದದ್ದು ಕಳೆದು ಉಳಿಯುವುದೇ ಭೂಮಿಯ ನಿಜವಾದ ಇಳುವರಿ. ನಾವು, ದನ, ಹುಲಿ, ಬಂಗುಡೆ ಎಲ್ಲರೂ ಬದುಕುವುದು ಇದರ ಮೇಲೆ. ಒಂದು ಚದರ ಮೀಟರ್ ಜಾಗದಲ್ಲಿ ವರ್ಷಕ್ಕೆ ಎಷ್ಟು ಒಣ ತೂಕ ಬೆಳೆಯುತ್ತದೆ ಅಂತ ಅಳೆದಿದ್ದಾರೆ. ನಡುಗಡಲಲ್ಲಿ ಸುಮಾರು 125 ಗ್ರಾಂ. ಇದನ್ನು ಒಂದು ಗೆರಟೆ ಉಮಿ ಅಂತ ಇಟ್ಟುಕೊಳ್ಳಿ. ಆಗ ಲೆಕ್ಕ ಹೀಗೆ ಬರುತ್ತದೆ.

ಮರಳುಗಾಡಿನ ಕುರುಚಲಿಗೆ ಒಂದಕ್ಕೂ ಕಡಿಮೆ, ಮುಕ್ಕಾಲು ಗೆರಟೆ. ತಳದ ನೀರು ಉಕ್ಕಿ ಮೇಲೆ ಬರುವ ಕಡಲಿಗೆ 4 ಗೆರಟೆ. ಬೇಸಾಯದ ನೆಲಕ್ಕೆ ಸರಾಸರಿ 5. ಹೊಳೆ ಕಡಲು ಸೇರುವ ಅಳಿವೆಗೆ 12. ಮಳೆಕಾಡಿಗೆ ಸುಮಾರು 18 ಗೆರಟೆ.

ಒಂದೊಂದು ರಾಶಿಯನ್ನೂ ಸಾಲಾಗಿ ಹಾಕಿ. 18 ಗೆರಟೆಯ ರಾಶಿಯ ಪಕ್ಕ ಒಂದು ಗೆರಟೆ ಇಟ್ಟಾಗ ಯಾರೂ ಮಾತು ಬೆಳೆಸುವುದಿಲ್ಲ, ನೋಡುತ್ತಾರೆ. ಆಗುಂಬೆ ಘಾಟಿಯ ಕಾಡು ದೊಡ್ಡ ರಾಶಿ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲು ಸೇರುವ ಕಡೆಯ ಕಾಂಡ್ಲಾ ಗಿಡಗಳು, ಕೆಸರು, ಮರುವಾಯಿ ಚಿಪ್ಪು ಹೆಕ್ಕುವ ಜಾಗ ಆ 12 ಗೆರಟೆಯ ಕಡೆಯವು. ಕೆಸರು ಅಂತ ಮೂಗು ಮುಚ್ಚಿಕೊಂಡು, ಮಣ್ಣು ತುಂಬಿಸಿ ಜಾಗ ಮಾಡುವ ಮೊದಲು ಈ ರಾಶಿಯನ್ನು ಒಮ್ಮೆ ನೋಡಬೇಕು.

ಕಡಲಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಯಾಕೆಂದರೆ ನಾವು ಕರಾವಳಿಯವರು. ಭೂಮಿಯ ಒಟ್ಟು ಇಳುವರಿಯಲ್ಲಿ ಹೆಚ್ಚುಕಡಿಮೆ ಅರ್ಧ ನೆಲದ್ದು, ಅರ್ಧ ಕಡಲಿನದ್ದು. ಆದರೆ ಕಡಲಿಗೆ 71 ಮನೆ ಇದೆ, ನೆಲಕ್ಕೆ 29. ಅಂದರೆ ಕಡಲು ವಿಶಾಲ, ಆದರೆ ಹೆಚ್ಚಿನ ಭಾಗ ಬಡ ಗದ್ದೆ. ಬಿಸಿಲು ಮೇಲೆ, ಗೊಬ್ಬರ ತಳದಲ್ಲಿ. ಎರಡೂ ಸೇರುವುದು ಕೆಲವೇ ಕಡೆ. ನಮ್ಮ ಕಡಲು ಅಂಥದ್ದರಲ್ಲಿ ಒಂದು. ಮುಂಗಾರಿನಲ್ಲಿ ಗಾಳಿ ತೀರದ ಮೇಲಿನ ನೀರನ್ನು ಹೊರಗೆ ತಳ್ಳುತ್ತದೆ. ಆ ಜಾಗಕ್ಕೆ ತಳದ ತಣ್ಣನೆ ನೀರು ಮೇಲೆ ಬರುತ್ತದೆ, ಗೊಬ್ಬರವನ್ನೂ ಹೊತ್ತು ತರುತ್ತದೆ. ಪಾಚಿ ಹುಟ್ಟುತ್ತದೆ. ಅದನ್ನು ತಿಂದು ಬೂತಾಯಿ ಮೀನು ಬೆಳೆಯುತ್ತದೆ. ಮಲ್ಪೆಯಲ್ಲಿ, ಮಂಗಳೂರು ದಕ್ಕೆಯಲ್ಲಿ ಬುಟ್ಟಿ ತುಂಬುವುದು ಇದರಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಕ್ಕೆಯಲ್ಲೇ ನಿಲ್ಲುವುದು ಬರೀ ಗಾಳಿ ಮಳೆಗೆ ಹೆದರಿ ಅಲ್ಲ. ಮೀನು ಮರಿ ಹಾಕುವ ಹೊತ್ತಿನಲ್ಲಿ ಕಡಲನ್ನು ಅದರಷ್ಟಕ್ಕೆ ಬಿಡಬೇಕು ಅಂತ.

ಫೋನಿನಲ್ಲಿ ನಿಜದ ಚಿತ್ರ ತೋರಿಸಿ

ಉಮಿ ರಾಶಿ ನೋಡಿದ ಮೇಲೆ ಮಕ್ಕಳು ಕೇಳಿಯೇ ಕೇಳುತ್ತಾರೆ, "ಇದನ್ನೆಲ್ಲ ಅಳೆದವರು ಯಾರು?" ಆಗ ಫೋನು ತೆಗೆಯಿರಿ. ಮೊದಲೇ ತೆಗೆಯಬೇಡಿ. ಮೊದಲೇ ತೆಗೆದರೆ ಎಲ್ಲರ ಕಣ್ಣೂ ಅಲ್ಲೇ ನಿಲ್ಲುತ್ತದೆ, ಅಂಗಳಕ್ಕೆ ಯಾರೂ ಬರುವುದಿಲ್ಲ.

'ನಾಸಾ ವರ್ಲ್ಡ್‌ವ್ಯೂ' ಅಂತ ಹುಡುಕಿ. ದುಡ್ಡಿಲ್ಲ, ಖಾತೆ ಬೇಡ. ಅದರಲ್ಲಿ 'ಆ್ಯಡ್ ಲೇಯರ್ಸ್' ಒತ್ತಿ, 'ಎನ್‌ಡಿವಿಐ' (NDVI) ಅಂತ ಟೈಪ್ ಮಾಡಿ. ಹಸಿರು ಎಲೆ ಕೆಂಪು ಬೆಳಕನ್ನು ಕುಡಿಯುತ್ತದೆ, ಕಣ್ಣಿಗೆ ಕಾಣದ ಅತಿಕೆಂಪು ಬೆಳಕನ್ನು ವಾಪಸ್ ಕಳಿಸುತ್ತದೆ. ಉಪಗ್ರಹ ಇವೆರಡರ ಅಂತರವನ್ನು ಅಳೆದು ನೆಲ ಎಷ್ಟು ಹಸಿರು ಅಂತ ಹೇಳುತ್ತದೆ. ಬೋಳು ಮಣ್ಣಿಗೆ 0.1ರ ಆಸುಪಾಸು, ದಟ್ಟ ಕಾಡಿಗೆ 0.8ರ ಹತ್ತಿರ. ಕೆಳಗಿನ ತಾರೀಕು ಪಟ್ಟಿಯನ್ನು ಏಪ್ರಿಲ್‌ಗೆ ಸರಿಸಿ, ಆಮೇಲೆ ಅಕ್ಟೋಬರ್‌ಗೆ ಸರಿಸಿ. ನಮ್ಮ ಪದವುಗಳ (ಗುಡ್ಡದ ಮೇಲಿನ ಬಯಲು) ಕೆಂಪುಕಲ್ಲಿನ ನೆಲ ಏಪ್ರಿಲ್‌ನಲ್ಲಿ ಸತ್ತ ಹಾಗೆ ಕಾಣುತ್ತದೆ, ಮಳೆ ಬಂದು ಹೋದ ಮೇಲೆ ಹಸಿರಾಗುತ್ತದೆ. ಮಳೆಗಾಲದ ನಡುವಿನ ಒಂದೇ ದಿನದ ಚಿತ್ರ ತೆಗೆದರೆ ಬರೀ ಮೋಡ ಸಿಗುತ್ತದೆ. 8 ಅಥವಾ 16 ದಿನದ ಚಿತ್ರಗಳನ್ನು ಕೂಡಿಸಿ ಮಾಡಿದ ಪದರವನ್ನೇ ಆರಿಸಿ.

ಅದೇ ಕಡೆ 'ಕ್ಲೋರೋಫಿಲ್' ಅಂತ ಹಾಕಿದರೆ ಕಡಲಿನ ಹಸಿರು ಕಾಣುತ್ತದೆ. ನಡುಗಡಲು ನೀಲಿ, ತೀರದ ಪಟ್ಟಿ ಹಸಿರು ಹಳದಿ. ಇದು ಸುಮ್ನೆ ನೋಡುವ ಚಿತ್ರ ಅಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಬರುವ ಈ ಹಸಿರಿನ ಅಳತೆ ಮತ್ತು ನೀರಿನ ಬಿಸಿಯ ಅಳತೆ ಎರಡನ್ನೂ ಸೇರಿಸಿ, ಮೀನು ಎಲ್ಲಿ ಸಿಗಬಹುದು ಅಂತ ಮೀನುಗಾರರಿಗೆ ಸೂಚನೆ ಕೊಡುತ್ತದೆ.

ನಿಮ್ಮ ಸ್ವಂತ ಮನೆ ನೋಡಬೇಕಾದರೆ 'ಕೋಪರ್ನಿಕಸ್ ಬ್ರೌಸರ್'ಗೆ ಹೋಗಿ, ಸೆಂಟಿನೆಲ್-2 ಉಪಗ್ರಹದ ಚಿತ್ರ ತೆಗೆಯಿರಿ. ಅದರ ಒಂದೊಂದು ಚುಕ್ಕಿ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಎರಡೂವರೆ ಸೆಂಟ್ಸ್ (ಎಕರೆಯ ನೂರನೇ ಒಂದು ಪಾಲು ಒಂದು ಸೆಂಟ್ಸ್). 5 ಸೆಂಟ್ಸ್ ಜಾಗದ ಮನೆ ಅಂದರೆ ಎರಡು ಚುಕ್ಕಿ. 'ಗೂಗಲ್ ಅರ್ಥ್ ಟೈಮ್‌ಲ್ಯಾಪ್ಸ್'ನಲ್ಲಿ 1984ರಿಂದ ಮಂಗಳೂರು ಹೇಗೆ ಹರಡಿತು ಅಂತ ಓಡಿಸಿ ನೋಡಬಹುದು. ಸುರತ್ಕಲ್, ಪಣಂಬೂರು ಕಡೆ ನಿಧಾನವಾಗಿ ಓಡಿಸಿ.

ಒಂದು ಎಚ್ಚರಿಕೆ. ಹಸಿರು ಕಂಡದ್ದೆಲ್ಲ ಕಾಡಲ್ಲ. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ತೋಟವೂ ಕಾಡೂ ಮೇಲಿನಿಂದ ಒಂದೇ ತರಹ ಕಾಣುತ್ತವೆ. ಗುಡ್ಡದ ಮೇಲಿನ ಅಕೇಶಿಯಾವೂ ಅಷ್ಟೇ. ರಬ್ಬರನ್ನು ಹಿಡಿಯಲು ಒಂದು ದಾರಿ ಇದೆ. ಅದು ಚಳಿಗಾಲ ಮುಗಿಯುವಾಗ ಎಲೆ ಉದುರಿಸುತ್ತದೆ. ಜನವರಿ, ಫೆಬ್ರವರಿಯ ಚಿತ್ರ ತೆಗೆದು ನೋಡಿ, ನಿತ್ಯಹಸಿರು ಕಾಡು ಹಸಿರಾಗಿಯೇ ಇರುತ್ತದೆ, ರಬ್ಬರ್ ತೋಟ ಮಂಕಾಗುತ್ತದೆ. ಹಸಿರಿನ ಅಳತೆ ಹಸಿರನ್ನು ಮಾತ್ರ ಹೇಳುತ್ತದೆ. ಅದರೊಳಗೆ ಎಷ್ಟು ಜೀವ ಇದೆ ಅಂತ ಹೇಳುವುದಿಲ್ಲ.

ನಮ್ಮ ಕುಮ್ಕಿ ಎಷ್ಟು ದೊಡ್ಡದು?

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ನಮ್ಮ ಜಿಲ್ಲೆಯ ಹಳಬರಿಗೆ ಕುಮ್ಕಿ ಅಂದರೆ ಏನು ಅಂತ ಗೊತ್ತು. ವರ್ಗ ಜಾಗದ, ಅಂದರೆ ಪಟ್ಟೆ ಇರುವ ಸ್ವಂತ ಜಾಗದ ಬೆನ್ನಿಗೆ ಇರುವ ಸರಕಾರಿ ಗುಡ್ಡ. ಪಹಣಿಯಲ್ಲಿ ಅದು ನಮ್ಮದಲ್ಲ. ಆದರೆ ಗದ್ದೆಗೆ ಸೊಪ್ಪು ಅಲ್ಲಿಂದ, ದನಕ್ಕೆ ಹುಲ್ಲು ಅಲ್ಲಿಂದ, ಒಲೆಗೆ ಸೌದೆ ಅಲ್ಲಿಂದ. ಗುಡ್ಡ ಇಲ್ಲದೆ ಗದ್ದೆ ಬದುಕುವುದಿಲ್ಲ ಅಂತ ಆಗಿನವರಿಗೆ ಕಣ್ಣಿಗೇ ಕಾಣುತ್ತಿತ್ತು. ಗುಡ್ಡ ಬೋಳಾದರೆ ಮುಂದಿನ ವರ್ಷ ಗದ್ದೆಯಲ್ಲಿ ಗೊತ್ತಾಗುತ್ತಿತ್ತು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮಥಿಸ್ ವಾಕರ್‌ನಾಗೆಲ್ 1990ರ ದಶಕದ ಆರಂಭದಲ್ಲಿ ಕೇಳಿದ್ದು ಇದೇ ಪ್ರಶ್ನೆ. ಒಬ್ಬ ಮನುಷ್ಯ ಉಣ್ಣಲು, ಉಡಲು, ಓಡಾಡಲು, ಅವನು ಬಿಟ್ಟ ಹೊಗೆಯನ್ನು ಹೀರಲು ಎಷ್ಟು ನೆಲ, ಎಷ್ಟು ಕಡಲು ಬೇಕು? ಅದಕ್ಕೆ ಅವರು ಪರಿಸರ ಹೆಜ್ಜೆಗುರುತು ಅಂತ ಹೆಸರಿಟ್ಟರು. ನಾನು ಮಕ್ಕಳಿಗೆ ಕುಮ್ಕಿ ಅಂತಲೇ ಹೇಳುತ್ತೇನೆ. ಬೇಗ ಅರ್ಥ ಆಗುತ್ತದೆ. ವ್ಯತ್ಯಾಸ ಇಷ್ಟೇ, ನಮ್ಮ ಈಗಿನ ಕುಮ್ಕಿ ಮನೆಯ ಹಿಂದೆ ಇಲ್ಲ. ಪಣಂಬೂರಿನ ಬಂದರಿನಲ್ಲಿ ಇಳಿಯುವ ತಾಳೆ ಎಣ್ಣೆಯ ತೋಟ ಇಂಡೋನೇಷ್ಯಾ, ಮಲೇಷ್ಯಾದಲ್ಲಿದೆ. ನಮ್ಮ ಕಾರ್ಖಾನೆಗಳಲ್ಲಿ ಸುಲಿಯುವ ಗೋಡಂಬಿಯ ದೊಡ್ಡ ಪಾಲು ಆಫ್ರಿಕಾದ ಮರಗಳದ್ದು. ನಾವು ಬಿಟ್ಟ ಹೊಗೆಯನ್ನು ಹೀರುವ ಕಾಡು ಎಲ್ಲೆಲ್ಲೋ ಇದೆ.

ಈಗ ಅಳತೆ. ಹೆಕ್ಟೇರ್ ಬೇಡ, ಸೆಂಟ್ಸ್‌ನಲ್ಲೇ ಮಾಡಿ. ಒಂದು ಹೆಕ್ಟೇರ್ ಅಂದರೆ 247 ಸೆಂಟ್ಸ್. ಅಂಗಳದಲ್ಲಿ 1 ಸೆಂಟ್ಸ್‌ಗೆ 10 ಸೆಂಟಿಮೀಟರ್ ಉದ್ದ ಅಗಲದ ಒಂದು ಚೌಕ ಅಂತ ಇಟ್ಟುಕೊಳ್ಳಿ. ಮೊದಲು ನಿಮ್ಮ ಮನೆ ಜಾಗ ಹಾಕಿ. 5 ಸೆಂಟ್ಸ್ ಆದರೆ 22 ಸೆಂಟಿಮೀಟರ್ ಬದಿಯ ಚಿಕ್ಕ ಚೌಕ.

ಅದರ ಸುತ್ತ ಭೂಮಿಯಲ್ಲಿ ಒಬ್ಬರಿಗೆ ಬರುವ ಪಾಲು ಹಾಕಿ. ಲೆಕ್ಕ ಸುಲಭ. ಚೆನ್ನಾಗಿ ಬೆಳೆಸುವ ನೆಲ ಮತ್ತು ಕಡಲು ಒಟ್ಟು ಸುಮಾರು 1200 ಕೋಟಿ ಹೆಕ್ಟೇರ್. ಮೊದಲು ಹಾಕಿದ 100 ಮನೆಯಲ್ಲಿ ಇದು 24ಕ್ಕೆ ಸ್ವಲ್ಪ ಕಡಿಮೆ. ಜನ 800 ಕೋಟಿ ದಾಟಿದ್ದೇವೆ. ಭಾಗಿಸಿದರೆ ತಲೆಗೆ ಸುಮಾರು ಒಂದೂವರೆ ಹೆಕ್ಟೇರ್, ಅಂದರೆ 370 ಸೆಂಟ್ಸ್. ಅಂಗಳದಲ್ಲಿ 1 ಮೀಟರ್ 92 ಸೆಂಟಿಮೀಟರ್ ಬದಿಯ ಚೌಕ. ಕಾಡುಪ್ರಾಣಿಗಳಿಗೆ ಬಿಡಬೇಕಾದ ಜಾಗವೂ ಇದರೊಳಗೇ ಬರಬೇಕು ಅನ್ನುವುದನ್ನು ಮರೆಯದೆ ಹೇಳಿ.

ಈಗ ಲೋಕದ ಒಬ್ಬ ಸರಾಸರಿ ಮನುಷ್ಯ ಬಳಸುವುದನ್ನು ಹಾಕಿ. ಸುಮಾರು 640 ಸೆಂಟ್ಸ್. ಚೌಕದ ಬದಿ 2 ಮೀಟರ್ 53 ಸೆಂಟಿಮೀಟರ್. ಪಾಲಿನ ಗೆರೆಯನ್ನು ದಾಟಿ ಹೊರಗೆ ಹೋಗುತ್ತದೆ. ಭಾರತದ ಸರಾಸರಿ 250ರಿಂದ 300 ಸೆಂಟ್ಸ್, ಬದಿ 1 ಮೀಟರ್ 66 ಸೆಂಟಿಮೀಟರ್ ಇಟ್ಟರೆ ಸಾಕು. ಲೋಕದ ಪಾಲಿಗಿಂತ ಒಳಗೇ ಇದೆ. ಆದರೆ ಅಷ್ಟಕ್ಕೆ ಬಿಡಬೇಡಿ. ಭಾರತದ ನೆಲ ಕಡಲು ಭಾರತೀಯರಿಗೆ ತಲಾ ಕೊಡಬಲ್ಲದ್ದು ಸುಮಾರು 100 ಸೆಂಟ್ಸ್ ಮಾತ್ರ. ಒಂದು ಮೀಟರ್ ಬದಿಯ ಚೌಕ. ಅದನ್ನೂ ಒಳಗೆ ಹಾಕಿ.

ಕೊನೆಗೆ ಅಮೆರಿಕದ ಸರಾಸರಿ, 1900 ಸೆಂಟ್ಸ್ ಆಸುಪಾಸು. ಬದಿ 4 ಮೀಟರ್ 36 ಸೆಂಟಿಮೀಟರ್. ಇದಕ್ಕೆ ಮೊದಲೇ ಜಾಗ ನೋಡಿಟ್ಟುಕೊಳ್ಳಿ. ಕಳೆದ ಸಲ ನಮ್ಮ ಗೆರೆ ತುಳಸಿಕಟ್ಟೆಯವರೆಗೆ ಹೋಯಿತು. ಅಣ್ಣನ ಮಗಳು ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆದು ಬಂದು ಕೇಳಿದಳು, "ಅತ್ತೆ, ಇವರು ಇಷ್ಟು ತಗೊಂಡರೆ ಉಳಿದವರು ಎಂತ ಮಾಡುವುದು?" ನಾನು ಉತ್ತರ ಹೇಳುವ ಬದಲು ಮಕ್ಕಳನ್ನೆಲ್ಲ ಭಾರತದ ಚೌಕದ ಒಳಗೆ ನಿಲ್ಲಿಸಿದೆ. ಆರು ಮಂದಿ ಇದ್ದರು, ಹೇಗೋ ಹಿಡಿಸಿದರು. ಆಮೇಲೆ ಒಂದು ಮೀಟರ್ ಚೌಕದಲ್ಲಿ ನಿಲ್ಲಲು ಹೇಳಿದೆ. ಇಬ್ಬರು ಹೊರಗೆ ಉಳಿದರು.

ಮನೆಯ ಲೆಕ್ಕ ಹಾಕುವುದು

ಬೇರೆಯವರ ಚೌಕ ನೋಡಿ ಮುಗಿದ ಮೇಲೆ ಸ್ವಂತದ್ದು ಹಾಕದಿದ್ದರೆ ಕೆಲಸ ಅರ್ಧವೇ. ಕರೆಂಟ್ ಬಿಲ್, ಗ್ಯಾಸ್ ಪುಸ್ತಕ, ಪೆಟ್ರೋಲಿನ ಅಂದಾಜು ಹಿಡಿದು ಕೂರಿ.

ಹೊಗೆಗೆ ಒಂದು ಸುಲಭದ ಅಳತೆ ಇದೆ. ಲೋಕದ ಸರಾಸರಿ ಕಾಡು ಒಂದು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 2.7 ಟನ್ ಇಂಗಾಲದ ಡೈ ಆಕ್ಸೈಡ್ ಹೀರುತ್ತದೆ ಅಂತ ಈ ಲೆಕ್ಕದವರು ಇಟ್ಟುಕೊಳ್ಳುತ್ತಾರೆ. ಅಂದರೆ 11 ಕೆಜಿಗೆ 1 ಸೆಂಟ್ಸ್ ಕಾಡು. ನಮ್ಮ ದೇಶದ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ. ಒಂದು ಲೀಟರ್ ಪೆಟ್ರೋಲಿಗೆ 2.3 ಕೆಜಿ. 14.2 ಕೆಜಿಯ ಒಂದು ಗ್ಯಾಸ್ ಸಿಲಿಂಡರಿಗೆ 42 ಕೆಜಿ.

ನಾಲ್ಕು ಜನರ ಮನೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 100 ಯೂನಿಟ್ ಕರೆಂಟ್ ಆದರೆ ವರ್ಷಕ್ಕೆ 840 ಕೆಜಿ, 76 ಸೆಂಟ್ಸ್ ಕಾಡು. ಸ್ಕೂಟರಿಗೆ ತಿಂಗಳಿಗೆ 15 ಲೀಟರ್ ಆದರೆ 38 ಸೆಂಟ್ಸ್. ವರ್ಷಕ್ಕೆ 8 ಸಿಲಿಂಡರ್ ಆದರೆ 31. ಒಟ್ಟು 145. ನಾವು ಬಿಡುವ ಹೊಗೆಯಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರುತ್ತದೆ, ಅದನ್ನು ಕಳೆಯಿರಿ. 109 ಉಳಿಯಿತು.

ಅಕ್ಕಿ ಇನ್ನೂ ಸುಲಭ. ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 2.8 ಟನ್ ಅಕ್ಕಿ. ಮನೆಗೆ ವರ್ಷಕ್ಕೆ 400 ಕೆಜಿ ಕುಚ್ಚಲಕ್ಕಿ ಬೇಕಾದರೆ 35 ಸೆಂಟ್ಸ್ ಗದ್ದೆ.

ಇಲ್ಲೊಂದು ತಿದ್ದುಪಡಿ ಮಾಡಲೇಬೇಕು, ಇಲ್ಲದಿದ್ದರೆ ಅಂಗಳದ ಚೌಕದ ಜೊತೆ ಹೋಲಿಸಲು ಆಗುವುದಿಲ್ಲ. 370 ಅನ್ನುವುದು ಲೋಕದ ಸರಾಸರಿ ನೆಲದ ಸೆಂಟ್ಸ್. ಬೇಸಾಯದ ನೆಲ ಆ ಸರಾಸರಿಗಿಂತ ಸುಮಾರು ಎರಡೂವರೆ ಪಟ್ಟು ಬೆಳೆಸುತ್ತದೆ, ಕಾಡು ಸುಮಾರು 1.3 ಪಟ್ಟು. ಹಾಗಾಗಿ ಗದ್ದೆಯ 35ನ್ನು 2.5ರಿಂದ ಗುಣಿಸಿ, 88. ಕಾಡಿನ 109ನ್ನು 1.3ರಿಂದ ಗುಣಿಸಿ, 142. ಒಟ್ಟು 230. ನಾಲ್ಕು ಜನರಿಗೆ ಹಂಚಿದರೆ ತಲೆಗೆ 57 ಸೆಂಟ್ಸ್.

57 ಅಂತ ನೋಡಿ ಖುಷಿ ಪಡಬೇಡಿ. ಇದು ಅಕ್ಕಿ, ಕರೆಂಟ್, ಸ್ಕೂಟರ್, ಗ್ಯಾಸ್ ಮಾತ್ರ. ಮೀನು, ಹಾಲು, ಎಣ್ಣೆ, ಬೇಳೆ, ಬಟ್ಟೆ, ಫೋನು, ಮನೆಗೆ ಹಾಕಿದ ಸಿಮೆಂಟು, ಬಸ್ಸು, ಊರಿಗೆಲ್ಲ ಸೇರಿದ ರಸ್ತೆ, ಆಸ್ಪತ್ರೆ ಒಂದೂ ಬರಲಿಲ್ಲ. ಮನೆಯಲ್ಲಿ ಕೂತು ಇದನ್ನೆಲ್ಲ ಸರಿಯಾಗಿ ಲೆಕ್ಕ ಹಾಕುವುದು ಕಷ್ಟ. ನಾನು ಪೂರ್ತಿ ಮಾಡಲು ಹೋಗುವುದಿಲ್ಲ. ನಾಲ್ಕೈದು ವಸ್ತು ಹಿಡಿದು, ಯಾವುದು ಎಷ್ಟು ಜಾಗ ಕೇಳುತ್ತದೆ ಅಂತ ನೋಡಿದರೆ ಸಾಕು. ಕಾರಿರುವ ಮನೆಯವರು ಪೆಟ್ರೋಲಿನ ಸಾಲನ್ನು ಒಮ್ಮೆ ಹಾಕಿ ನೋಡಲಿ. ಲೋಕದ ಒಟ್ಟು ಹೆಜ್ಜೆಗುರುತಿನಲ್ಲಿ ನೂರಕ್ಕೆ ಸುಮಾರು 60 ಭಾಗ ಹೊಗೆಯದ್ದೇ.

ಈ ಅಳತೆಗೆ ಸಿಗದ್ದೂ ಬಹಳ ಇದೆ. ಪ್ಲಾಸ್ಟಿಕ್ ಇದರಲ್ಲಿ ಬರುವುದಿಲ್ಲ. ತೋಟಕ್ಕೆ ಹೊಡೆದ ವಿಷ ಬರುವುದಿಲ್ಲ. ಬತ್ತಿದ ಬಾವಿ ಬರುವುದಿಲ್ಲ. ಮಕ್ಕಳಿಗೆ ಇದನ್ನು ಬಾಯಿ ಬಿಟ್ಟು ಹೇಳಿ.

100 ಮಂಜೊಟ್ಟಿ

ಇದು ಎರಡು ನಿಮಿಷದ ಕೆಲಸ. 100 ಕಾಳು ಎಣಿಸಿ. ಲೋಕದ ಎಲ್ಲ ಸಸ್ತನಿಗಳ ತೂಕ ಒಟ್ಟು 100 ಅಂತ ತಿಳಿಯಿರಿ. 60 ಕಾಳು ದನ, ಎಮ್ಮೆ, ಹಂದಿ, ಕುರಿಯಂಥ ಸಾಕುಪ್ರಾಣಿಗಳಿಗೆ. 36 ಮನುಷ್ಯರಿಗೆ. ಉಳಿದ 4 ಕಾಳಿನಲ್ಲಿ ಆನೆ, ಹುಲಿ, ಕಾಟಿ, ತಿಮಿಂಗಿಲ, ಇಲಿ, ಬಾವಲಿ ಎಲ್ಲವೂ. 2018ರಲ್ಲಿ ಬಂದ ಅಂದಾಜು ಇದು. ನಾಲ್ಕು ಕಾಳನ್ನು ಚಿಕ್ಕ ಮಗುವಿನ ಅಂಗೈಯಲ್ಲಿ ಇಡಿ. ಏನೂ ವಿವರಿಸಬೇಡಿ.

ಹಗ್ಗ ಎಳೆದು ಆಟಿ ಹುಡುಕಿ

ಕೊನೆಯದು ಹಗ್ಗ. 3 ಮೀಟರ್ 65 ಸೆಂಟಿಮೀಟರ್ ಉದ್ದ ಕತ್ತರಿಸಿ. ಒಂದು ಸೆಂಟಿಮೀಟರಿಗೆ ಒಂದು ದಿನ. ತಿಂಗಳಿಗೊಂದು ಗಂಟು ಹಾಕಿ, ಅಂಗಳದ ಎರಡು ಕಂಬಕ್ಕೆ ಕಟ್ಟಿ.

ಭೂಮಿ ಇಡೀ ವರ್ಷದಲ್ಲಿ ಬೆಳೆಸುವುದನ್ನು ನಾವು ಯಾವ ದಿನ ಮುಗಿಸುತ್ತೇವೆ? ಭೂಮಿಯ ಪಾಲನ್ನು ನಮ್ಮ ಬಳಕೆಯಿಂದ ಭಾಗಿಸಿ, 365ರಿಂದ ಗುಣಿಸಿದರೆ ದಿನ ಸಿಗುತ್ತದೆ. ಅಂಗಳದ ನಮ್ಮ ಅಂದಾಜು ಅಂಕಿಯಲ್ಲೇ ಮಾಡಿ. 370ನ್ನು 640ರಿಂದ ಭಾಗಿಸಿ, 365ರಿಂದ ಗುಣಿಸಿ. 211 ಬರುತ್ತದೆ. ಹಗ್ಗದಲ್ಲಿ 211 ಸೆಂಟಿಮೀಟರ್ ಅಳೆದು ಕೆಂಪು ಬಟ್ಟೆ ಕಟ್ಟಿ. ಜುಲೈ ಕೊನೆ. ಗ್ಲೋಬಲ್ ಫುಟ್‌ಪ್ರಿಂಟ್ ನೆಟ್‌ವರ್ಕ್ ಸಂಸ್ಥೆ ಪ್ರತಿ ವರ್ಷ ಇದನ್ನು ಸರಿಯಾಗಿ ಲೆಕ್ಕ ಹಾಕಿ ಹೇಳುತ್ತದೆ. 2025ರಲ್ಲಿ ಅದು ಜುಲೈ 24 ಅಂತ ಹೇಳಿತು. ಕೊರೊನಾದಿಂದ ಊರೆಲ್ಲ ಮುಚ್ಚಿದ್ದ 2020ರಲ್ಲಿ ಆಗಸ್ಟ್ 22ಕ್ಕೆ ಹೋಗಿತ್ತು. 1970ರ ದಶಕದ ಆರಂಭದಲ್ಲಿ ಈ ಗಂಟು ಡಿಸೆಂಬರ್‌ನಲ್ಲಿತ್ತು. ಮೂರಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆ ಕಟ್ಟಿ ತೋರಿಸಿ.

ಜುಲೈ 24 ಅಂದರೆ ನಮ್ಮ ಲೆಕ್ಕದಲ್ಲಿ ಆಟಿ ಶುರುವಾಗಿ ಒಂದು ವಾರ. ನನಗೆ ಇದು ಹೊಳೆದ ದಿನ ಅಜ್ಜಿಯ ಅಟ್ಟ ಕಣ್ಣ ಮುಂದೆ ಬಂತು. ಮುಡಿ ಮುಗಿಯುವ ತಿಂಗಳು ಅದೇ ಆಗಿತ್ತು. ಆಗ ತಜಂಕ್ ಸೊಪ್ಪು, ಕಣಿಲೆ (ಎಳೆ ಬಿದಿರು), ಕೆಸುವಿನ ಎಲೆ, ಮಣ್ಣು ಮೆತ್ತಿ ಕಾಪಿಟ್ಟ ಹಲಸಿನ ಬೀಜ ತಿಂದು ದಿನ ಕಳೆಯುತ್ತಿದ್ದರು. ಬಾಗಿಲಿಗೆ ಮಾರಿ ಓಡಿಸುವ ವೇಷ ಹಾಕಿದ ಆಟಿಕಳೆಂಜ ಬರುತ್ತಿದ್ದ. ಬೀಜದ ಬತ್ತವನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ, ಮನೆಯಲ್ಲಿ ಎಷ್ಟೇ ಹಸಿವಿದ್ದರೂ. ಭೂಮಿಯ ವಿಷಯದಲ್ಲಿ ನಾವು ಜುಲೈ 24ರ ಮೇಲೆ ತಿನ್ನುತ್ತಿರುವುದು ಆ ಬೀಜದ ಬತ್ತವನ್ನು. ಹಳೆ ಕಾಡು ಕಡಿಯುತ್ತೇವೆ, ಮರಿ ಮೀನು ಹಿಡಿಯುತ್ತೇವೆ, ಹೀರಲು ಯಾರೂ ಇಲ್ಲದ ಹೊಗೆಯನ್ನು ಆಕಾಶದಲ್ಲಿ ತುಂಬಿಸುತ್ತೇವೆ.

ಹಗ್ಗವನ್ನು ಬಿಚ್ಚಬೇಡಿ. ಸುತ್ತಿ ಇಡಿ, ಮುಂದಿನ ವರ್ಷ ಹೊಸ ತಾರೀಕಿಗೆ ಇನ್ನೊಂದು ಬಟ್ಟೆ ಕಟ್ಟಲು ಬೇಕಾಗುತ್ತದೆ. ಮನೆಯ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು ತಾರೀಕು ಹಾಕಿ. ನಮ್ಮ ಮನೆಯಲ್ಲಿ ಎರಡನೇ ವರ್ಷ ಗ್ಯಾಸಿನ ಸಾಲು 31ರಿಂದ 23ಕ್ಕೆ ಇಳಿಯಿತು. ಸ್ನಾನದ ನೀರನ್ನು ಮತ್ತೆ ಹಂಡೆಯಲ್ಲಿ, ತೋಟದ ತೆಂಗಿನ ಸೋಗೆ, ಕೊತ್ತಳಿಗೆ ಹಾಕಿ ಕಾಯಿಸಲು ಶುರು ಮಾಡಿದ್ದೆವು. ಪೆಟ್ರೋಲಿನ ಸಾಲು ಮಾತ್ರ ಇನ್ನೂ ಇಳಿದಿಲ್ಲ.

ಗುಡಿಸುವಾಗ ಉಮಿ, ಬೈಹುಲ್ಲು, ಎಲೆಯನ್ನು ತೆಂಗಿನ ಬುಡಕ್ಕೆ ಹಾಕಿ. ಅಕ್ಕಿ ಹಿಟ್ಟನ್ನು ಇರುವೆಗೆ ಬಿಡಿ. ಬಣ್ಣದ ರಂಗೋಲಿ ಪುಡಿ ಹಾಕಿದ್ದರೆ ಅದನ್ನು ಬೇರೆಯಾಗಿ ಗುಡಿಸಿ ತೆಗೆಯಿರಿ, ಬುಡಕ್ಕೆ ಹಾಕಬೇಡಿ.